ಚೆಲ್ಲಿದ ಕೆರೆ

ನಗರಾಭಿವೃದ್ಧಿ ಕಚೇರಿಯ ನೆಲಮಾಳಿಗೆಯಲ್ಲಿ ಕೂತು ಊರು ಕಟ್ಟುವವನೊಬ್ಬನಿದ್ದ. ಮೇಲಿನ ಮಹಡಿಗಳಲ್ಲಿ ಕೂತವರೂ ಊರು ಕಟ್ಟುವವರೇ. ಆದರೆ ಅವರು ಕಟ್ಟಿದ್ದು ಜನರ ಕಣ್ಣಿಗೆ ಬೀಳಲು ವರ್ಷಗಟ್ಟಲೆ ಹಿಡಿಯುತ್ತಿತ್ತು, ಎಷ್ಟೋ ಸಲ ಬೀಳುತ್ತಲೇ ಇರಲಿಲ್ಲ. ಇವನದು ಹಾಗಲ್ಲ. ಒಂದಿಷ್ಟು ಫೋಮ್ ಬೋರ್ಡು, ರಟ್ಟು, ಕಟರ್ ಬ್ಲೇಡು, ಡಬ್ಬಿ ತುಂಬ ಗೋಂದು ಕೊಟ್ಟು ಬಾಗಿಲು ಹಾಕಿಕೊಂಡು ಹೋದರೆ ತಿಂಗಳೊಪ್ಪತ್ತಿನಲ್ಲಿ ಸೇತುವೆ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲವೂ ಮೇಜಿನ ಮೇಲೆ ಎದ್ದು ನಿಲ್ಲುತ್ತಿದ್ದವು. ಬೆರಳ ತುದಿಗಳಲ್ಲಿ ಸದಾ ಒಣಗಿದ ಗೋಂದು ಅಂಟಿಕೊಂಡಿರುತ್ತಿದ್ದುದರಿಂದ ಕಚೇರಿಯವರು ಅವನನ್ನು ಗೋಂದಣ್ಣ ಎಂದು ಕರೆಯುತ್ತಿದ್ದರು. ಊಟಕ್ಕೆ ಕೂತಾಗ ಆ ಗೋಂದನ್ನು ಸಿಪ್ಪೆಯ ಹಾಗೆ ಸುಲಿದು ಪಕ್ಕದವರ ತಟ್ಟೆಯ ಹತ್ತಿರ ಇಡುವುದು ಅವನ ಕೆಟ್ಟ ಅಭ್ಯಾಸಗಳಲ್ಲಿ ಒಂದು.

ಇನ್ನೂ ಇದ್ದವು. ನಕ್ಷೆಯಲ್ಲಿ ಇಲ್ಲದ ಮರಗಳನ್ನು ನೆಡುವುದು ಎರಡನೆಯದು. ಎಲ್ಲಿ ಗೋಡೆಯ ಜೋಡಣೆ ಬಾಯಿ ಬಿಟ್ಟಿತೋ, ಎಲ್ಲಿ ಬ್ಲೇಡು ಜಾರಿ ರಸ್ತೆಗೆ ಗೀರು ಬಿತ್ತೋ ಅಲ್ಲೆಲ್ಲ ಹಸಿರು ಸ್ಪಂಜಿನ ಒಂದು ಮರ. ಹೀಗಾಗಿ ಕಚೇರಿಯ ಮಾಡೆಲ್‌ಗಳಲ್ಲಿ ಊರು ದಟ್ಟ ಕಾಡಿನಂತಿರುತ್ತಿತ್ತು, ಬಂದ ಅತಿಥಿಗಳು "ಎಷ್ಟು ಹಸಿರು!" ಎಂದು ಬಾಯಿ ತುಂಬ ಹೊಗಳುತ್ತಿದ್ದರು. ಒಬ್ಬ ಮನುಷ್ಯನ ಕೈ ನಡುಗಿದ್ದಕ್ಕೆ ಇಡೀ ಕಚೇರಿಗೆ ಪರಿಸರ ಪ್ರೇಮದ ಹೆಸರು ಬಂದಿತ್ತು.

ಮೂರನೆಯ ಅಭ್ಯಾಸ ಯಾರಿಗೂ ಗೊತ್ತಿರಲಿಲ್ಲ. ಯಾವ ಮಾಡೆಲ್ ಮಾಡಿದರೂ ಅದರಲ್ಲಿ ತನ್ನ ಮನೆಯನ್ನು ಅವನು ಬಿಡುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ ಬೂದುಬಣ್ಣದ ತುಂಡುಗಳು. ಇವನದಕ್ಕೆ ಮಾತ್ರ ಕೆಂಪು ಸೂರು, ಸೂಜಿಮೊನೆಯಿಂದ ಕೊರೆದ ಕಿಟಕಿಗಳು, ಮತ್ತು ನಿಜವಾದ ಮನೆಯಲ್ಲಿ ಇನ್ನೂ ಕಟ್ಟಿರದ, ಕಟ್ಟುವ ಲಕ್ಷಣವೂ ಕಾಣದ ಒಂದು ಮಹಡಿ. ಆ ಮನೆಯನ್ನು ಅವನೇ ನಿಂತು ಕಟ್ಟಿಸಿದ್ದ. ಕಟ್ಟಿಸಿದ್ದ ಎನ್ನುವುದಕ್ಕಿಂತ ಮೇಸ್ತ್ರಿಯ ಪಕ್ಕದಲ್ಲಿ ಕೂತು ಇಟ್ಟಿಗೆ ಇಟ್ಟಿದ್ದ. ಲೋಕದಲ್ಲಿ ಅವನು ರಟ್ಟಿನಿಂದ ಮಾಡದೆ ಇದ್ದ ಕಟ್ಟಡ ಅದೊಂದೇ. ಅದರ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಅವನ ಮೂಗಿನ ತುದಿ ಕೆಂಪಾಗುತ್ತಿತ್ತು.

ಆಡಲಿಕ್ಕೆ ಮಾತು ಬೇಕಾದಷ್ಟಿತ್ತು. ಆ ಓಣಿಗೆ ಮಳೆ ಬಂದರೆ ನೀರು ನುಗ್ಗುತ್ತಿತ್ತು.

ಊರಿನವರೆಲ್ಲ ಅದನ್ನು ತಗ್ಗಿನ ಓಣಿ ಎನ್ನುತ್ತಿದ್ದರು. ಓಣಿಯವರ ಮುಂದೆ ಹಾಗೆಂದರೆ ಮಾತ್ರ ಕೈಕೈ ಮಿಲಾಯಿಸುವ ಪ್ರಸಂಗ. ನೀರು ಬರುತ್ತದೆ ಎಂದು ಒಪ್ಪಿಕೊಂಡರೆ ಬಾಡಿಗೆಗೆ ಯಾರು ಬರುತ್ತಾರೆ, ಕೊಳ್ಳುವವರು ಯಾರು, ನಾಳೆ ಸರಕಾರದವರು ಬಂದು ಎಬ್ಬಿಸಿದರೆ ಏನು ಗತಿ? ಆದ್ದರಿಂದ ಓಣಿಗೆ ಓಣಿಯೇ ಬಾಯಿಗೆ ಬೀಗ ಹಾಕಿಕೊಂಡಿತ್ತು. ಮಳೆಗಾಲ ಮುಗಿದ ಮೇಲೆ ಗೋಡೆಗಳಲ್ಲಿ ಉಳಿಯುವ ಕೊಳೆಯ ಗೆರೆಯನ್ನು ಮುಚ್ಚಲು ಎಲ್ಲರ ಮನೆಯಲ್ಲೂ ಕ್ಯಾಲೆಂಡರನ್ನು ಮೊಣಕಾಲಿನ ಮಟ್ಟದಲ್ಲಿ ನೇತುಹಾಕುತ್ತಿದ್ದರು. ಆ ಓಣಿಯವರು ತಾರೀಕು ನೋಡಬೇಕೆಂದರೆ ಕುಕ್ಕರಗಾಲಿನಲ್ಲಿ ಕೂರಬೇಕಿತ್ತು. ಒಮ್ಮೆ ಕಚೇರಿಯಿಂದಲೇ ಸರ್ವೆಯವರು ಬಂದು ಮನೆಮನೆಗೂ "ಮಳೆನೀರು ಒಳಗೆ ಬರುತ್ತಾ?" ಎಂದು ಕೇಳಿದ್ದರು. ಎಲ್ಲರದೂ ಒಂದೇ ಉತ್ತರ. ಗೋಂದಣ್ಣ ಒಂದು ಹೆಜ್ಜೆ ಮುಂದೆ ಹೋಗಿ, "ಬರಲಿ ಅಂತ ಕಾಯ್ತಾ ಇದೀವಿ, ತಂಪಾಗಿರುತ್ತೆ" ಎಂದು ತಮಾಷೆ ಮಾಡಿ ಕಳಿಸಿದ್ದ.

ಅವನ ಉಪಾಯ ಬೇರೆ. ಪ್ರತಿ ಮಳೆಗಾಲ ಕಳೆದ ಮೇಲೆ ಹೊಸಿಲಿನ ಮೇಲೆ ಇನ್ನೊಂದು ಸಾಲು ಇಟ್ಟಿಗೆ ಏರಿಸುತ್ತಿದ್ದ. ಏರಿಸಿ ಏರಿಸಿ ಕೊನೆಗೆ ಅದು ಹೊಸಿಲೋ ಗೋಡೆಯೋ ತಿಳಿಯದಂತಾಯಿತು. ಬಂದವರು ಕುದುರೆ ಹತ್ತುವವರಂತೆ ಕಾಲೆತ್ತಿ ದಾಟಬೇಕು. ಅವನ ಜೊತೆಯಲ್ಲೇ ಇದ್ದ ಹೆಂಡತಿಯ ತಾಯಿಯನ್ನಂತೂ ಇಬ್ಬರು ಎತ್ತಿ ಆಚೆಗಿಡಬೇಕಿತ್ತು.

"ಅಳಿಯಂದ್ರೇ, ಇನ್ನೊಂದು ಸಾಲು ಏರಿಸಿಬಿಡಿ. ಆಮೇಲೆ ನಾನು ಹೊರಗೆ ಹೋಗೋದೂ ಬೇಡ, ಬರೋದೂ ಬೇಡ" ಎನ್ನುತ್ತಿದ್ದಳು ಅತ್ತೆ.

ನೀರು ಆ ಹೊಸಿಲಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ಬಚ್ಚಲಿನ ಕಿಂಡಿಯಿಂದ ಬರುತ್ತಿತ್ತು. ಬಂದ ಮೇಲೆ ಎತ್ತರದ ಹೊಸಿಲಿನಿಂದಾಗಿ ಹೊರಗೆ ಹೋಗಲೂ ಆಗದೆ ಅಲ್ಲೇ ಠಿಕಾಣಿ ಹೂಡುತ್ತಿತ್ತು. ಆಗ ಅತ್ತೆ ಊಟದ ಮೇಜಿನ ಮೇಲೆ ಕಾಲು ಮಡಚಿ ಕೂತು ಮಹಾರಾಣಿಯಂತೆ ಅಪ್ಪಣೆ ಕೊಡುತ್ತಿದ್ದಳು. ಹೆಂಡತಿ ಶಾಲಾಮಕ್ಕಳ ಯೂನಿಫಾರಂ ಹೊಲಿಯುವವಳು. ಗುಡುಗು ಕೇಳಿದೊಡನೆ ಅವಳ ಮೊದಲ ಕೆಲಸ ಕಬ್ಬಿಣದ ಹೊಲಿಗೆ ಮಿಷನ್ನನ್ನು ಎತ್ತಿ ಮಂಚದ ಮೇಲೆ ಇಡುವುದು. ಗಂಡ ಮನೆಯಲ್ಲಿದ್ದರೆ ಇನ್ನೊಂದು ತುದಿ ಹಿಡಿಯುತ್ತಿದ್ದ. ಇಲ್ಲದಿದ್ದರೆ ಅವಳೊಬ್ಬಳೇ. ಆಮೇಲೆ ಬಕೆಟ್ಟು ಹಿಡಿದು ನೀರು ಎತ್ತಿ ಎತ್ತಿ ಹೊಸಿಲಿನ ಆಚೆ ಚೆಲ್ಲುತ್ತಿದ್ದಳು. ಸೊಂಟ ನೋವು ಎಂದು ಅವಳು ಹೇಳಿದರೆ "ಹೊಲಿಯೋವಾಗ ನೆಟ್ಟಗೆ ಕೂತ್ಕೋ" ಎಂದು ಉಪದೇಶ ಮಾಡುವಷ್ಟು ದೊಡ್ಡ ಮನುಷ್ಯ ನಮ್ಮ ಗೋಂದಣ್ಣ.

ಹೀಗಿರುವಾಗ ಕಚೇರಿಯ ದೊಡ್ಡ ಸಾಹೇಬರಿಗೆ ಹೊಸ ಹುಚ್ಚು ಹಿಡಿಯಿತು. ಎಲ್ಲಿಯೋ ಒಂದು ಸಭೆಗೆ ಹೋಗಿ ಬಂದವರು "ನಮ್ಮ ನಗರ ಎಲ್ಲವನ್ನೂ ತಾಳಿಕೊಳ್ಳುವ ನಗರ ಆಗಬೇಕು" ಎಂದು ಸಿಕ್ಕಸಿಕ್ಕವರಿಗೆ ಹೇಳತೊಡಗಿದರು. ಇಷ್ಟು ದಿನ ಎಲ್ಲವನ್ನೂ ತಾಳಿಕೊಂಡು ಬಂದದ್ದು ಇಲ್ಲಿಯ ಜನ ತಾನೇ, ಇನ್ನು ಮೇಲೆ ನಗರವೂ ಸ್ವಲ್ಪ ತಾಳಿಕೊಳ್ಳಲಿ ಎಂದುಕೊಂಡ ಗೋಂದಣ್ಣ. ಹೊರಗಿನ ಅತಿಥಿಗಳು ನೋಡಲು ಬರುವವರಿದ್ದರು. ಊರಿನ ಹಳೆಯ ಭಾಗದ ಮಾಡೆಲ್ ಆಗಬೇಕು, ಅದೂ ಏರುತಗ್ಗುಗಳೆಲ್ಲ ಇದ್ದಂತೆಯೇ ಬರಬೇಕು, ಅತಿಥಿಗಳು ಬಗ್ಗಿ ನೋಡುವ ಜಾತಿಯವರು ಎಂದು ಸಾಹೇಬರ ಕಟ್ಟಪ್ಪಣೆಯಾಯಿತು. ಸಾಮಾನ್ಯವಾಗಿ ಊರನ್ನು ಚಪ್ಪಟೆಯಾಗಿ ಮಾಡಿ ಕೈತೊಳೆದುಕೊಳ್ಳುತ್ತಿದ್ದ ಗೋಂದಣ್ಣ ಈ ಸಲ ಶಪಿಸುತ್ತಲೇ, ನಕ್ಷೆ ಇಟ್ಟುಕೊಂಡು, ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ನೆಲವನ್ನು ಇಳಿಜಾರು ಮಾಡಿದ.

ಕೊನೆಗೆ ಉಳಿದದ್ದು ನದಿ. ನದಿಗೆ ನೀಲಿ ಬೆರೆಸಿದ ರೆಸಿನ್ ಎಂಬ ಅಂಟು ಸುರಿಯಬೇಕು. ಸುರಿಯುವಾಗ ಜೇನಿನ ಹಾಗಿರುತ್ತದೆ, ಗಟ್ಟಿಯಾಯಿತೆಂದರೆ ಕಲ್ಲು, ಜಪ್ಪಯ್ಯ ಅಂದರೂ ಬಿಡುವುದಿಲ್ಲ. ರೆಸಿನ್ ತುಂಬಿದ ಮಗ್ಗನ್ನು ಮಾರುಕಟ್ಟೆಯ ಪಕ್ಕದಲ್ಲಿ ಇಟ್ಟು ಅವನು ಕೈ ಒರೆಸಿಕೊಳ್ಳುತ್ತಿದ್ದಾಗ ಹೆಂಡತಿಯ ಫೋನು ಬಂತು.

"ರೀ, ಬಚ್ಚಲಿನ ಗೋಡೆ ಮತ್ತೆ ಒದ್ದೆಯಾಗಿದೆ. ಈ ಸಲ ಮಳೆಗೆ ಏನಾದ್ರೂ ಮಾಡ್ಬೇಕು."

"ಏನೂ ಆಗಲ್ಲ. ಹೊಸಿಲು ಏರಿಸಿದೀನಲ್ಲ."

"ನೀರು ಹೊಸಿಲಿಂದ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ?"

"ನಮ್ಮ ಮನೆಗೆ ನೀರೇ ಬರಲ್ಲ ಅಂತ ನಾನು ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ಗೋಂದಣ್ಣ ಕೈ ಬೀಸಿದ. ಮೊಣಕೈ ಮಗ್ಗಿಗೆ ತಗುಲಿತು.

ರೆಸಿನ್‌ಗೆ ಅವಸರವೆಂಬುದಿಲ್ಲ. ಮಾರುಕಟ್ಟೆಯ ಮುಂದೆ ಹರಡಿ, ಸ್ವಲ್ಪ ಯೋಚನೆ ಮಾಡಿದಂತೆ ನಿಂತು, ದೊಡ್ಡ ರಸ್ತೆ ಹಿಡಿಯಿತು. ಶಾಲೆಯ ಹತ್ತಿರ ತಿರುಗಿತು. ಗೋಂದಣ್ಣ ಬಟ್ಟೆ ಹಿಡಿದು ಮೇಜಿನ ಸುತ್ತ ಓಡಿ, ಒರೆಸಿ, ಒರೆಸಿದ ಕಡೆ ಬಸ್ ನಿಲ್ದಾಣವನ್ನೇ ಕಿತ್ತು ತಂದ. ಅಷ್ಟರಲ್ಲಿ ಅದು ಅವನ ಓಣಿಗೆ ನುಗ್ಗಿ, ಕೆಂಪು ಸೂರಿನ ಮನೆಯನ್ನು ಸುತ್ತುವರಿದು, ಅಲ್ಲಿಗೆ ಪ್ರಯಾಣ ಮುಗಿಯಿತೆಂಬಂತೆ ನಿಂತುಬಿಟ್ಟಿತು. ಇಲ್ಲದ ಆ ಮಹಡಿಯೊಂದು ಮಾತ್ರ ನೀಲಿಯ ಮೇಲೆ ತಲೆಯೆತ್ತಿಕೊಂಡಿತ್ತು. ಈ ಜಾಗಕ್ಕೆ ಎಷ್ಟು ಮರ ನೆಟ್ಟರೆ ಮುಚ್ಚೀತು ಎಂದು ಅವನು ಲೆಕ್ಕ ಹಾಕಿದ. ಸ್ಪಂಜು ಸಾಲುವಂತಿರಲಿಲ್ಲ.

ಮಾರನೆಯ ದಿನ ಸಾಹೇಬರು ಅತಿಥಿಗಳ ದಂಡು ಕಟ್ಟಿಕೊಂಡು ಬಂದರು. ಜೊತೆಯಲ್ಲಿ ನೀರಿನ ವಿಭಾಗದ ಇಂಜಿನಿಯರಮ್ಮನೂ ಇದ್ದಳು. ಸಾಹೇಬರ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು.

"ಇದೇನಿದು?"

ಗೋಂದಣ್ಣ ಒರೆಸುವ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದ. "ಕೆರೆ ಸಾರ್" ಎಂದುಬಿಟ್ಟ. ಅತಿಥಿಗಳು ಇನ್ನಷ್ಟು ಬಗ್ಗಿದ್ದನ್ನು ಕಂಡು, "ಮಳೆನೀರು ಬಂದು ನಿಲ್ಲೋಕೆ. ಆಮೇಲೆ ನಿಧಾನಕ್ಕೆ ಇಂಗಿಹೋಗುತ್ತೆ. ಬೇಸಿಗೇಲಿ ಮಕ್ಕಳು ಆಟ ಆಡ್ಬಹುದು" ಎಂದು ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿದ.

"ನಡುವೆ ಆ ಕೆಂಪು ಮನೆ?" ಎಂದರು ಬಗ್ಗಿ ನೋಡುವ ಜಾತಿಯ ಒಬ್ಬ ಅತಿಥಿ.

"ಪಂಪ್‌ಹೌಸು ಸಾರ್."

ಬೆವರು ಸುರಿಸಿ ಕಟ್ಟಿದ ಮನೆಯನ್ನು ಅವನು ಒಂದೇ ಮಾತಿನಲ್ಲಿ ಪಂಪ್‌ಹೌಸು ಮಾಡಿಬಿಟ್ಟ. ಅತಿಥಿಗಳು ತಲೆದೂಗಿದರು. ಸಾಹೇಬರು ಅತಿಥಿಗಳ ತಲೆಗಳನ್ನು ನೋಡಿ ತಾವೂ ದೂಗಿದರು, ಮರುಗಳಿಗೆಯಲ್ಲೇ "ಇದು ನಾನು ಬಹಳ ದಿನದಿಂದ ಯೋಚಿಸ್ತಿದ್ದ ವಿಷಯ" ಎಂದು ಶುರು ಮಾಡಿದರು. ಗೋಂದಣ್ಣನಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು.

ಅವನ ಸಂತೋಷ ವಾರ ಬಾಳಲಿಲ್ಲ. ಇಂಜಿನಿಯರಮ್ಮ ಉಪಕರಣ ತೆಗೆದುಕೊಂಡು ಹೋಗಿ ಓಣಿಯ ಮಟ್ಟ ಅಳೆದು ಬಂದು, ಆ ಭಾಗಕ್ಕೆಲ್ಲ ಅತಿ ತಗ್ಗಿನ ಜಾಗ ಅದೇ, ಅಲ್ಲೊಂದು ಕೆರೆಯಾದರೆ ಸುತ್ತಲಿನ ಅರ್ಧ ಊರು ಮಳೆಯಲ್ಲಿ ಮುಳುಗುವುದು ತಪ್ಪುತ್ತದೆ, ಅಲ್ಲಿಗೆ ನೀರೇ ಬರುವುದಿಲ್ಲವೆಂದು ಸರ್ವೆಯಲ್ಲಿ ಹೇಳಿದ್ದರಿಂದ ಇದುವರೆಗೆ ಆ ಕಡೆ ನೋಡಿರಲಿಲ್ಲ ಎಂದಳು. ಕೆರೆ ಮಂಜೂರಾಯಿತು. ಓಣಿಯವರಿಗೆ ಬೇರೆ ಕಡೆ ಮನೆ ಎಂದು ಗೋಡೆಗೆ ನೋಟಿಸು ಅಂಟಿಸಿದರು. ಅಂಟಿಸಲು ಬಂದವನು ಗೋಂದು ತೆಗೆದುಕೊಂಡು ಹೋದದ್ದು ನೆಲಮಾಳಿಗೆಯಿಂದಲೇ.

"ಅಳಿಯಂದ್ರೇ, ನಿಮ್ಮ ಕಚೇರಿಯೋರು ನಮ್ಮ ಮನೆ ಮೇಲೆ ಕೆರೆ ಕಟ್ತಾರಂತೆ. ನಿಮಗೇನಾದ್ರೂ ಸುಳಿವಿತ್ತಾ?"

"ಇಲ್ಲ ಅತ್ತೆ. ಮೇಲಿನೋರು ಏನು ಮಾಡ್ತಾರೋ ನಮಗೇನು ಗೊತ್ತಾಗುತ್ತೆ."

ಅಂದಿನಿಂದ ಅವನು ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಕಚೇರಿಗೂ ಓಡಾಡತೊಡಗಿದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮನೆ ಹೋಗುತ್ತದೆ. ರಟ್ಟಿನ ಮನೆ ಎಷ್ಟು ಬೇಕಾದರೂ ಮಾಡಬಹುದು, ಇಟ್ಟಿಗೆಯದು ಈ ಜನ್ಮದಲ್ಲಿ ಇನ್ನೊಂದಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಊಟದ ನಡುವೆ ಎದ್ದುಹೋಗಿ ಗೋಡೆ ಸವರಿ ಬರುತ್ತಿದ್ದ. ಹೆಂಡತಿ ಅವನನ್ನೇ ನೋಡುತ್ತಿದ್ದಳು.

ತಕರಾರುಗಳನ್ನು ಕೇಳಲು ಕಚೇರಿಯ ಹಾಲ್‌ನಲ್ಲಿ ಸಭೆ ಕರೆದರು. ನಡುವೆ ಮಾಡೆಲ್, ಒಂದು ಪಕ್ಕದಲ್ಲಿ ಕೋಲು ಹಿಡಿದ ಗೋಂದಣ್ಣ, ಇನ್ನೊಂದು ಪಕ್ಕದಲ್ಲಿ ಸಾಹೇಬರು ಮತ್ತು ಇಂಜಿನಿಯರಮ್ಮ. ಇಡೀ ಓಣಿ ಎದ್ದು ಬಂದಿತ್ತು. ಅತ್ತೆಯನ್ನೂ ಹೊಸಿಲು ದಾಟಿಸಿ ತಂದಿದ್ದರು.

"ಒಂದು ಹನಿ ನೀರು ಬರದಿರೋ ಜಾಗಕ್ಕೆ ಕೆರೆ ಯಾಕ್ರೀ?" ಎಂದು ಮೂಲೆಮನೆಯವನು ಮೇಜು ಗುದ್ದಿದ. ಸ್ಪಂಜಿನ ಮರಗಳು ಉದುರಿದವು. "ನಮ್ಮ ಓಣಿ ಒಣಗಿದ ಓಣಿ! ಯಾರನ್ನ ಬೇಕಾದ್ರೂ ಕೇಳಿ!" ಹೌದು ಹೌದು ಎಂದು ಹಾಲ್‌ನಲ್ಲಿ ಗದ್ದಲವೆದ್ದಿತು. ಜನ ಕೂಗಿದರೆ ಸಾಹೇಬರ ಧೈರ್ಯ ಕಾಲಿನಿಂದ ಇಳಿದುಹೋಗುತ್ತಿತ್ತು. ಅವರು ಬಾಗಿಲ ಕಡೆ ನೋಡಿದರು. ಇನ್ನೊಂದು ನೂಕು ನೂಕಿದರೆ ಕೆರೆ ಬಿದ್ದುಹೋಗುತ್ತದೆ ಎಂದು ಗೋಂದಣ್ಣನಿಗೆ ಅನ್ನಿಸಿತು. ಮನೆಯ ಮುಂದೆ ಕೆಲಸ ಯಾವ ಲೆಕ್ಕ ಎಂದು ಗಟ್ಟಿ ಮನಸ್ಸು ಮಾಡಿದ.

"ಸಾರ್, ಅದು ಕೆರೆನೇ ಅಲ್ಲ!" ಎಂದ. "ನನ್ನ ಕೈ ತಪ್ಪಿ ರೆಸಿನ್ ಚೆಲ್ಲಿಹೋಯ್ತು. ಒರೆಸಕ್ಕಾಗಲಿಲ್ಲ. ಹೆದರಿ ಸುಳ್ಳು ಹೇಳಿದೆ."

ಓಣಿ ಚಪ್ಪಾಳೆ ತಟ್ಟಿತು. ಯಾರೋ ಅವನ ಬೆನ್ನು ತಟ್ಟಿದರು. ಸಾಹೇಬರು ಇಂಗು ತಿಂದ ಮಂಗನ ಹಾಗೆ ನಿಂತರು. ಮನೆ ಉಳಿಯಿತು ಎಂದು ಗೋಂದಣ್ಣ ಹೆಂಡತಿಯ ಕಡೆ ನೋಡಿ ಹಲ್ಲು ಬಿಟ್ಟ. ಅವಳು ನಗಲಿಲ್ಲ.

ಇಂಜಿನಿಯರಮ್ಮ ಮಾಡೆಲ್ ಹತ್ತಿರ ಬಂದಳು. "ಎಲ್ಲಿ ಚೆಲ್ಲಿದ್ದು?"

"ಇಲ್ಲಿ ಮೇಡಂ, ಮಾರುಕಟ್ಟೆ ಹತ್ರ."

"ಮತ್ತೆ ಅಲ್ಲಿಗೆ ಹೆಂಗೆ ಹೋಯ್ತು?"

"ಹರಿದು ಹೋಯ್ತು." ಗೋಂದಣ್ಣ ಕೋಲಿನಿಂದ ತೋರಿಸತೊಡಗಿದ. "ಹಿಂಗೆ ದೊಡ್ಡ ರಸ್ತೆಗೆ ಇಳೀತು. ಶಾಲೆ ಹತ್ರ ತಿರುಗ್ತು. ಹಿಂದಿನ ಚರಂಡಿ ಪಕ್ಕದಿಂದ ಹಿಂಗೆ ಬಂದು..."

ಕೋಲು ಮುಂದೆ ಹೋದಂತೆ ಹಾಲ್ ತಣ್ಣಗಾಯಿತು. ಆ ದಾರಿ ಓಣಿಯವರಿಗೆಲ್ಲ ಗೊತ್ತಿದ್ದದ್ದೇ. ಅವರ ಚಪ್ಪಲಿ, ಪಾತ್ರೆ, ಒಮ್ಮೆ ಮೂಲೆಮನೆಯವನ ಕುರ್ಚಿ ಕೂಡ ಆ ದಾರಿಯಲ್ಲೇ ತೇಲಾಡಿದ್ದವು. ಮೂಲೆಮನೆಯವನು ಮೇಜಿನ ಮೇಲಿನಿಂದ ಮೆಲ್ಲಗೆ ಕೈ ತೆಗೆದುಕೊಂಡ. ತಾನು ಏನು ತೋರಿಸುತ್ತಿದ್ದೇನೆಂದು ಗೋಂದಣ್ಣನಿಗೆ ಅರ್ಥವಾದಾಗ ಕೋಲು ಕೆಂಪು ಸೂರಿನ ಹತ್ತಿರ ಬಂದು ನಿಂತಿತ್ತು.

ಆಗ ಅತ್ತೆ ನಕ್ಕಳು. ಕುರ್ಚಿ ಅಲುಗಾಡುವಂತೆ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಳಿಯಂದ್ರೇ, ಈ ಅಂಟಿಗೂ ನಿಮ್ಮ ಮನೆ ವಿಳಾಸ ಗೊತ್ತಲ್ರೀ! ಮೇಡಂ, ನೀರು ಬರುತ್ತೆ. ವರ್ಷಾ ವರ್ಷ ಬರುತ್ತೆ. ನಾನು ಊಟದ ಮೇಜಿನ ಮೇಲೆ ಕೂತು ನೋಡಿದೀನಿ. ಇವರೆಲ್ಲ ಕ್ಯಾಲೆಂಡರ್ ಮೇಲಕ್ಕೆ ಎತ್ತಲಿ, ನಿಮಗೇ ಗೊತ್ತಾಗುತ್ತೆ."

"ಅತ್ತೆ!" ಎಂದ ಗೋಂದಣ್ಣ. ಅಷ್ಟರಲ್ಲಿ ಹೆಂಡತಿ ಎದ್ದು ನಿಂತಿದ್ದಳು. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು.

"ಬರುತ್ತೆ ಮೇಡಂ. ಕೆರೆ ಮಾಡಿ. ಆದ್ರೆ ನಮ್ಮನ್ನೆಲ್ಲ ಒಂದೇ ಕಡೆ ಇಡಿ, ದಿಕ್ಕಾಪಾಲು ಮಾಡ್ಬೇಡಿ. ಶಾಲೆ ಹತ್ರಾನೇ ಇಡಿ, ನನ್ನ ಕೆಲಸ ಇರೋದು ಅಲ್ಲಿ. ದೂರ ಎಸೆದ್ರೆ ನಾವು ಏಳೋದೇ ಇಲ್ಲ."

"ಏನೇ ಇದು?" ಗೋಂದಣ್ಣ ಕೋಲು ಕೆಳಗಿಟ್ಟ. "ಆ ಮನೆ ಕಟ್ಟಿದ್ದು ನಾನು ಕಣೇ."

"ಹೌದು ರೀ. ನೀರು ಎತ್ತಿ ಚೆಲ್ಲಿದ್ದು ನಾನು."

ಅವನು ತಲೆ ತಗ್ಗಿಸಿದ. ಮೂಲೆಮನೆಯವನು ಗಂಟಲು ಸರಿಮಾಡಿಕೊಂಡು, "ನಮ್ಮನೆಗೆ ಅಂಥ ಜಾಸ್ತಿ ಏನೂ ಬರಲ್ಲ, ಮೊಣಕಾಲವರೆಗೆ ಅಷ್ಟೇ" ಎಂದ. ಅಲ್ಲಿಗೆ ಓಣಿಯ ಬೀಗ ಬಿದ್ದುಹೋಯಿತು. ತಮ್ಮ ಮನೆಗೆ ಬಂದ ನೀರೇ ದೊಡ್ಡದೆಂದು ಜನ ಪೈಪೋಟಿಗೆ ಬಿದ್ದರು.

ಗೋಂದಣ್ಣನ ಕೆಲಸ ಹೋಗಲಿಲ್ಲ. ಕೆಲಸದಿಂದ ತೆಗೆಯಬೇಕೆಂದರೆ ಕೆರೆ ಚೆಲ್ಲಿದ್ದೆಂದು ಸಾಹೇಬರು ಒಪ್ಪಿಕೊಳ್ಳಬೇಕಾಗುತ್ತಿತ್ತು, ಅವರೋ ಅಷ್ಟರಲ್ಲಿ ಪತ್ರಿಕೆಯವರಿಗೆ ಆ ಯೋಚನೆ ತಮಗೆ ಬೆಳಗಿನ ವಾಯುವಿಹಾರದಲ್ಲಿ ಹೊಳೆದದ್ದೆಂದು ಹೇಳಿಯಾಗಿತ್ತು. ಅದರ ಹೆಸರಿನಲ್ಲಿ ಅವರಿಗೊಂದು ಪ್ರಶಸ್ತಿಯೂ ಬಂತು. ಪ್ರಶಸ್ತಿಯ ಗಾಜಿನ ಫಲಕದ ಮೂಲೆ ಮುರಿದಾಗ ಅಂಟಿಸಿಕೊಟ್ಟದ್ದು ಗೋಂದಣ್ಣನೇ.

ಶಾಲೆಯ ಹಿಂದಿನ ಏರಿನಲ್ಲಿ ಓಣಿಯವರಿಗೆಲ್ಲ ಸೇರಿ ಒಂದು ಕಟ್ಟಡವೆದ್ದಿತು. ಹಾಗೆಂದು ಸ್ವರ್ಗವೇನಲ್ಲ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಲಿಫ್ಟು ಉದ್ಘಾಟನೆಯ ದಿನ ಒಮ್ಮೆ ಮೇಲೆ ಹೋದದ್ದು ಕೆಳಗಿಳಿಯುವ ಮನಸ್ಸು ಮಾಡಲಿಲ್ಲ. ಅತ್ತೆ ಮಾತ್ರ ಹೊಸಿಲೇ ಇಲ್ಲದ ಬಾಗಿಲು ನೋಡಿ ಒಳಗೂ ಹೊರಗೂ ಸುಮ್ಮಸುಮ್ಮನೆ ಓಡಾಡಿದಳು.

ಹಳೆಯ ಮನೆ ಕೆಡವುವ ದಿನ ಬೇಡವೆಂದರೂ ಗೋಂದಣ್ಣ ಹೋಗಿ ನಿಂತ. ಗೋಡೆಗಳು ರಟ್ಟಿನಂತೆ ಒರಗಿದವು. ಎಷ್ಟೋ ವರ್ಷ ನೀರು ಕುಡಿದ ಗೋಡೆಗಳು, ಇನ್ನೇನಾದೀತು? ಹೊಸಿಲು ಮಾತ್ರ ಜಗ್ಗಲಿಲ್ಲ. ಜೆಸಿಬಿಯ ಹಲ್ಲು ಎರಡು ಸಲ ಜಾರಿತು, ಚಾಲಕ ಇಳಿದು ಬಂದು "ಯಾವನಪ್ಪ ಇದನ್ನ ಕಟ್ಟಿದ್ದು?" ಎಂದ. ಗೋಂದಣ್ಣ ನಾನು ಅನ್ನಲು ಹೋದ, ಅಳು ಬಂತು. ನಡುಬೀದಿಯಲ್ಲಿ ನಿಂತು ಮಗುವಿನಂತೆ ಅತ್ತುಬಿಟ್ಟ. ಜೊತೆಯಲ್ಲಿ ಬಂದಿದ್ದ ಅತ್ತೆ ಕೈಚೀಲದಿಂದ ಯೂನಿಫಾರಂ ಬಟ್ಟೆಯ ಒಂದು ಚೂರು ತೆಗೆದು ಅವನ ಕೈಗಿಟ್ಟಳು.

"ಮೂಗು ಒರೆಸ್ಕೊಳ್ಳಿ. ಹೊಸಿಲು ಒಂದನ್ನ ಚೆನ್ನಾಗಿ ಕಟ್ಟಿದ್ರಿ ಕಣ್ರೀ."

ಕೆರೆ ತೋಡಿ ಮುಗಿದ ಮೇಲೆ ಬಂದ ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ರಜೆಯ ದಿನ. ಗೋಂದಣ್ಣ ಮಂಚದ ಮೇಲೆ ಅಡ್ಡಾಗಿದ್ದ, ಹೆಂಡತಿ ಒಂದು ಅಂಗಿಯ ತೋಳು ಹೊಲಿಯುತ್ತಿದ್ದಳು. ಕಟ್ಟಡ ನಡುಗುವಂತೆ ಗುಡುಗಿತು. ಅವಳು ಸೂಜಿ ಎತ್ತಿ, ಬಟ್ಟೆ ಎಳೆದು ಬದಿಗೆಸೆದು, ಮಿಷನ್ನಿನ ಒಂದು ತುದಿ ಹಿಡಿದಳು. ಅವನು ಧಡಕ್ಕನೆ ಎದ್ದು ಇನ್ನೊಂದು ತುದಿ ಹಿಡಿದ. ಇಬ್ಬರೂ ಒಂದೇ ಉಸಿರಿಗೆ ಎತ್ತಿದರು. ಎತ್ತಿದ ಮೇಲೆ, ಮೂರನೇ ಮಹಡಿಯ ಒಣ ನೆಲದ ಮೇಲೆ, ಮಿಷನ್ನು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಏನ್ರೀ ನಿಂತಿದೀರಾ? ನಾನು ಮೇಜು ಹತ್ಲಾ?" ಎಂದಳು ಅತ್ತೆ ಒಳಕೋಣೆಯಿಂದ ಇಣುಕಿ.

ಕಿಟಕಿಯಾಚೆ ಮಳೆ ಧೋ ಎಂದು ಸುರಿಯುತ್ತಿತ್ತು. ಮಾರುಕಟ್ಟೆಯ ಕಡೆಯಿಂದ ಕೆಂಪು ನೀರು ದೊಡ್ಡ ರಸ್ತೆಗಿಳಿದು, ಶಾಲೆಯ ಹತ್ತಿರ ತಿರುಗಿ, ಕೆರೆಯೊಳಗೆ ಧುಮುಕುತ್ತಿತ್ತು. ಮಾಡೆಲ್‌ನಲ್ಲಿ ಕೆಂಪು ಸೂರಿದ್ದ ಕಡೆ ಮೊದಲು ತುಂಬಿತು. ಗೋಂದಣ್ಣ ಅದನ್ನು ನೋಡಿದ. ಅವನಿಗೆ ಸಂಕಟವಾಯಿತು. ಆಮೇಲೆ ತೋಳು ನೋಯತೊಡಗಿತು, ಇಷ್ಟು ಭಾರದ ಕಬ್ಬಿಣವನ್ನು ಇವಳೊಬ್ಬಳೇ ಹೇಗೆ ಎತ್ತುತ್ತಿದ್ದಳೆಂದು ಮೊದಲ ಸಲ ಯೋಚಿಸಿದ.

"ಇಳಿಸೋಣ" ಎಂದ.

ಇಳಿಸಿದರು. ಅವಳು ಸ್ಟೂಲು ಎಳೆದುಕೊಂಡು ಕೂತು, ಅಂಗಿಯ ತೋಳನ್ನು ಮತ್ತೆ ಸೂಜಿಯ ಕೆಳಗಿಟ್ಟು ಪೆಡಲ್ ತುಳಿದಳು. ಮಳೆ ಸುರಿಯುವಾಗ ಆ ಮಿಷನ್ನಿನ ಸದ್ದನ್ನು ಗೋಂದಣ್ಣ ಮದುವೆಯಾದಾಗಿನಿಂದ ಒಮ್ಮೆಯೂ ಕೇಳಿರಲಿಲ್ಲ.